ಬೆಂಗಳೂರಿಗೆ ಮೇಯರ್ ಯಾರಾಗ್ತಾರೆ ಅಂತ ನೀವೇ ಲೆಕ್ಕ ಹಾಕೋದು ಹೇಗೆ

2015ರ ಆಗಸ್ಟ್ 25ಕ್ಕೆ ಬಿಬಿಎಂಪಿ, ಅಂದ್ರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಎಲೆಕ್ಷನ್ ರಿಸಲ್ಟ್ ಬಂತು. 198 ವಾರ್ಡಲ್ಲಿ ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14, ಪಕ್ಷೇತರರು ಮತ್ತು ಇತರರು 8. ನಮ್ಮ ರಸ್ತೆಯಲ್ಲಿ ಪಟಾಕಿ ಹೊಡೆದು ಸ್ವೀಟ್ ಹಂಚಿದ್ರು, ಮೇಯರ್ ಬಿಜೆಪಿಯವರೇ ಅಂತ ಎಲ್ರೂ ಮಾತಾಡ್ಕೊಂಡ್ರು, ನಾನೂ ಹಾಗೇ ಅಂದ್ಕೊಂಡಿದ್ದೆ. ಎರಡು ವಾರ ಕಳೀತು, ಸೆಪ್ಟೆಂಬರ್ 11ಕ್ಕೆ ನೋಡಿದ್ರೆ ಮೇಯರ್ ಆಗಿದ್ದು ಕಾಂಗ್ರೆಸ್ಸಿನ ಮಂಜುನಾಥ ರೆಡ್ಡಿ. ಅವತ್ತು ನಂಗೆ ನಿಜವಾಗ್ಲೂ ಅರ್ಥ ಆಗ್ಲಿಲ್ಲ, ಕ್ಯೂನಲ್ಲಿ ನಿಂತು ಓಟು ಹಾಕಿ ಬಂದವನಿಗೆ ನಮ್ಮೂರಿನ ಮೊದಲ ಪ್ರಜೆ ಹೇಗೆ ಆಯ್ಕೆ ಆಗ್ತಾರೆ ಅನ್ನೋದೇ ಗೊತ್ತಿಲ್ವಲ್ಲ ಅಂತ ಬೇಜಾರಾಯ್ತು. ಅಲ್ಲಿಂದ ಒಂದು ನೋಟ್‌ಬುಕ್ ಇಟ್ಕೊಂಡು ಪಾಲಿಕೆ ರಾಜಕೀಯ ಫಾಲೋ ಮಾಡೋಕೆ ಶುರು ಮಾಡ್ದೆ. ಆ ನೋಟ್‌ಬುಕ್ ಹೇಗೆ ಬರೀಬೇಕು, ಅದ್ರಲ್ಲಿ ಏನೇನು ಇರ್ಬೇಕು ಅಂತ ಹೇಳ್ತೀನಿ, ನೀವೂ ಮಾಡ್ಬಹುದು, ಇದಕ್ಕೆ ದೊಡ್ಡ ಓದು ಏನೂ ಬೇಡ.

ಮೊದ್ಲು ಒಂದು ವಿಷ್ಯ ಕ್ಲಿಯರ್ ಮಾಡ್ಕೊಳ್ಳಿ. ಮೇಯರ್‌ಗೆ ನೀವು ಓಟು ಹಾಕಲ್ಲ. ಉತ್ತರ ಪ್ರದೇಶ, ಮಧ್ಯಪ್ರದೇಶದಲ್ಲಿ ಜನ ನೇರವಾಗಿ ಮೇಯರ್‌ಗೇ ಓಟು ಹಾಕ್ತಾರೆ, ಲಂಡನ್ನಲ್ಲೂ 2000ನೇ ಇಸವಿಯಿಂದ ಹಾಗೇ. ನಮ್ಮಲ್ಲಿ ನೀವು ನಿಮ್ಮ ವಾರ್ಡಿಗೆ ಒಬ್ಬ ಕಾರ್ಪೊರೇಟರ್ ಆರಿಸ್ತೀರ, ಆ ಕಾರ್ಪೊರೇಟರ್‌ಗಳೆಲ್ಲ ಸೇರ್ಕೊಂಡು ತಮ್ಮಲ್ಲೇ ಒಬ್ರನ್ನ ಮೇಯರ್ ಮಾಡ್ತಾರೆ. ಹಾಗಾಗಿ ಎಲೆಕ್ಷನ್ ಟೈಮಲ್ಲಿ ಯಾರಾದ್ರೂ ನಾನೇ ಮೇಯರ್ ಕ್ಯಾಂಡಿಡೇಟ್ ಅಂತ ಹೇಳ್ಕೊಂಡು ಬಂದ್ರೆ ಅದನ್ನ ಪಕ್ಕಕ್ಕಿಟ್ಟು, ಅವ್ರು ಯಾವ ವಾರ್ಡು, ಆ ವಾರ್ಡಲ್ಲಿ ಗೆಲ್ತಾರಾ ಅಷ್ಟು ಮಾತ್ರ ನೋಡಿ.

ಈಗ ಲೆಕ್ಕದ ಮುಖ್ಯ ಪುಟ, ನಾನು ಎಡವಿದ್ದು ಇಲ್ಲೇ. ಬಿಬಿಎಂಪಿ ಮೇಯರ್ ಎಲೆಕ್ಷನ್ನಲ್ಲಿ ಕಾರ್ಪೊರೇಟರ್‌ಗಳು ಮಾತ್ರ ಅಲ್ಲ, ಊರಿನ ಎಂಎಲ್ಎಗಳು, ಲೋಕಸಭೆ ಎಂಪಿಗಳು, ಇಲ್ಲಿ ಮತದಾರರ ಪಟ್ಟೀಲಿ ಹೆಸರಿರೋ ರಾಜ್ಯಸಭೆ ಸದಸ್ಯರು, ಎಂಎಲ್ಸಿಗಳು (ವಿಧಾನ ಪರಿಷತ್ ಸದಸ್ಯರು) ಎಲ್ರಿಗೂ ಓಟು ಇತ್ತು. 2015ರಲ್ಲಿ ಒಟ್ಟು 260 ಓಟು, ಗೆಲ್ಲೋಕೆ 131 ಬೇಕು. ಪೆನ್ ತಗೊಂಡು ಒಂದ್ಸಲ ಕೂಡಿಸಿ ನೋಡಿ: ಕಾಂಗ್ರೆಸ್ 76, ಜೆಡಿಎಸ್ 14, ಉಳಿದ ಎಂಟೂ ಜನರನ್ನ ಸೇರಿಸಿದ್ರೂ 98. ಬಿಜೆಪಿದು ಒಬ್ಬರದ್ದೇ 100. ಅಂದ್ರೆ ವಾರ್ಡ್ ಲೆಕ್ಕದಲ್ಲಿ ಬಿಜೆಪಿಗೆ ಪೂರ್ತಿ ಬಹುಮತ ಇತ್ತು, ಅದನ್ನ ತಿರುಗಿಸಿದ್ದು ಆ ಇನ್ನೊಂದು ಅರವತ್ತು ಚಿಲ್ಲರೆ ಓಟುಗಳು. ಹಾಗಾಗಿ ನಿಮ್ಮ ನೋಟ್‌ಬುಕ್ಕಲ್ಲಿ ಎರಡು ಕಾಲಂ ಹಾಕಿ, ಎಡಗಡೆ ಗೆದ್ದ ವಾರ್ಡ್ ಎಷ್ಟು, ಬಲಗಡೆ ಎಂಎಲ್ಎ, ಎಂಪಿ, ಎಂಎಲ್ಸಿ ಎಷ್ಟು, ಪಕ್ಷವಾರು ಬರೀರಿ, ಕೆಳಗೆ ಟೋಟಲ್. ಬಲಗಡೆ ಕಾಲಂ ಬಗ್ಗೆ ಹುಷಾರು, ಯಾಕಂದ್ರೆ ಬೇರೆ ಜಿಲ್ಲೆಯ ಎಂಎಲ್ಸಿಗಳು ಬೆಂಗಳೂರಿಗೆ ವಿಳಾಸ ಬದಲಾಯಿಸ್ಕೊಂಡು ಪಟ್ಟೀಲಿ ಸೇರ್ಕೊಂಡಿದ್ದಾರೆ ಅಂತ ಆ ವರ್ಷಗಳಲ್ಲಿ ದೊಡ್ಡ ಗಲಾಟೆನೇ ಆಗಿತ್ತು. ಮತದಾರರ ಅಂತಿಮ ಪಟ್ಟಿ ಬರೋವರೆಗೂ ಆ ಕಾಲಂನ ಪೆನ್ಸಿಲಲ್ಲೇ ಬರೀರಿ.

2010ರಲ್ಲಿ ಇಷ್ಟೆಲ್ಲ ತಲೆನೋವೇ ಇರ್ಲಿಲ್ಲ. ಬಿಜೆಪಿ 111, ಕಾಂಗ್ರೆಸ್ 65, ಜೆಡಿಎಸ್ 15, ಪಕ್ಷೇತರರು 7, ಹಾಗಾಗಿ ನಟರಾಜ್ ಅವರಿಂದ ಶಾಂತಕುಮಾರಿ ಅವರವರೆಗೆ ಐದು ವರ್ಷಾನೂ ಬಿಜೆಪಿ ಮೇಯರ್‌ಗಳೇ.

ಟೋಟಲ್ ಆದ್ಮೇಲೆ ಮೀಸಲಾತಿ. ಮೇಯರ್ ಕುರ್ಚಿಗೆ ರೋಸ್ಟರ್ ಇರುತ್ತೆ, ಈ ಸಲ ಸಾಮಾನ್ಯ, ಮುಂದಿನ ಸಲ ಸಾಮಾನ್ಯ ಮಹಿಳೆ, ಇನ್ನೊಂದ್ಸಲ ಎಸ್‌ಸಿ, ಬಿಸಿಎ (ಹಿಂದುಳಿದ ವರ್ಗ ಎ) ಹೀಗೆ. ಸರ್ಕಾರ ಅದನ್ನ ಅಧಿಸೂಚನೆ ಹೊರಡಿಸಿ ಹೇಳುತ್ತೆ. ಜನ ಇದನ್ನ ನೋಡೋದೇ ಇಲ್ಲ, ಆದ್ರೆ ಹೆಸರು ಊಹೆ ಮಾಡೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಗೆಲ್ಲೋ ಕಡೆ ನೂರು ಜನ ಇದ್ರೂ ಕುರ್ಚಿ ಎಸ್‌ಸಿಗೆ ಅಂತ ಬಂದ್ರೆ ಲಿಸ್ಟು ತಕ್ಷಣ ಹತ್ತು ಹನ್ನೆರಡಕ್ಕೆ ಇಳಿಯುತ್ತೆ. 2017ರಲ್ಲಿ ಎಸ್‌ಸಿ ಮೀಸಲು ಬಂದಾಗ ದೇವರಜೀವನಹಳ್ಳಿ ವಾರ್ಡಿನ ಸಂಪತ್ ರಾಜ್ ಆದ್ರು, 2018ರಲ್ಲಿ ಮಹಿಳೆಗೆ ಬಂದಾಗ ಜಯನಗರದ ಗಂಗಾಂಬಿಕೆ ಮಲ್ಲಿಕಾರ್ಜುನ್ ಆದ್ರು. ಮೀಸಲಾತಿ ಇಲ್ದೇ ಹೋಗಿದ್ರೆ ಎಷ್ಟೋ ಜನ ಆ ಕುರ್ಚಿ ಹತ್ರಾನೂ ಬರ್ತಿರ್ಲಿಲ್ಲ, ಇದನ್ನ ನಾನು ಮನಸಾರೆ ಹೇಳ್ತಿದ್ದೀನಿ.

ಆಮೇಲೆ ಪಕ್ಷೇತರರು. ಎರಡೂ ಕಡೆ ಹತ್ರ ಹತ್ರ ಇದ್ದಾಗ ಇವ್ರಿಗೆ ಎಲ್ಲಿಲ್ಲದ ಬೆಲೆ. ಪಕ್ಷದ ಟಿಕೆಟಲ್ಲಿ ಗೆದ್ದೋರನ್ನ ವಿಪ್, ಅಂದ್ರೆ ಇಂಥವರಿಗೇ ಓಟು ಹಾಕಿ ಅನ್ನೋ ಪಕ್ಷದ ಆದೇಶ, ಕೊಟ್ಟು ಕಟ್ಟಿ ಹಾಕ್ಬಹುದು, ಸ್ಥಳೀಯ ಸಂಸ್ಥೆಗಳಿಗೂ ಪಕ್ಷಾಂತರ ನಿಷೇಧ ಕಾಯ್ದೆ 1987ರಿಂದ ಕರ್ನಾಟಕದಲ್ಲಿದೆ, ಪಕ್ಷೇತರರಿಗೆ ಆ ವಿಪ್ ಇಲ್ಲ. 2015ರಲ್ಲಿ ಅವ್ರನ್ನ ಕೇರಳದ ರೆಸಾರ್ಟಿಗೆ ಕರ್ಕೊಂಡು ಹೋಗಿದ್ದು ಟಿವಿಯಲ್ಲಿ ಎಲ್ರೂ ನೋಡಿದ್ದೇ. ಅಲ್ಲಿ ಏನು ಮಾತಾಯ್ತು ಅಂತ ತಿಳ್ಕೊಳ್ಳೋಕೆ ಒದ್ದಾಡ್ಬೇಡಿ, ಎಲೆಕ್ಷನ್ ಆದ್ಮೇಲೆ ಸ್ಥಾಯಿ ಸಮಿತಿಗಳು ಯಾರ್ಯಾರಿಗೆ ಸಿಕ್ಕಿದ್ವು ನೋಡಿ. ತೆರಿಗೆ ಮತ್ತು ಹಣಕಾಸು, ನಗರ ಯೋಜನೆ, ಆರೋಗ್ಯ, ಹೀಗೆ ಒಂದೊಂದು ಸಮಿತಿಗೂ ಒಬ್ಬ ಅಧ್ಯಕ್ಷ. ಉಪಮೇಯರ್ ಸ್ಥಾನಾನೂ ಹಾಗೇ, 2015ರಲ್ಲಿ ಮೇಯರ್ ಕಾಂಗ್ರೆಸ್, ಉಪಮೇಯರ್ ಜೆಡಿಎಸ್‌ನ ಹೇಮಲತಾ ಗೋಪಾಲಯ್ಯ. ಕೊಟ್ಟು ತಗೊಂಡಿದ್ದೆಲ್ಲ ಆ ಲಿಸ್ಟಲ್ಲಿ ಎದ್ದು ಕಾಣುತ್ತೆ.

ವಿಧಾನಸೌಧದ ಕಡೆಯೂ ಒಂದು ಕಣ್ಣಿರ್ಲಿ. 2019ರ ಜುಲೈನಲ್ಲಿ ರಾಜ್ಯದಲ್ಲಿ ಮೈತ್ರಿ ಸರ್ಕಾರ ಬಿತ್ತು, ಅದೇ ಅಕ್ಟೋಬರ್ 1ಕ್ಕೆ ಪಾಲಿಕೆಯಲ್ಲಿ ಬಿಜೆಪಿಯ ಗೌತಮ್ ಕುಮಾರ್ ಮೇಯರ್ ಆದ್ರು, ಮಧ್ಯದಲ್ಲಿ ವಾರ್ಡ್ ಎಲೆಕ್ಷನ್ ಯಾವುದೂ ಆಗಿರ್ಲಿಲ್ಲ.

ಇನ್ನು ಒಬ್ಬ ವ್ಯಕ್ತಿಯ ರಾಜಕೀಯ ಜೀವನ ಫಾಲೋ ಮಾಡೋದು ಹೇಗೆ ಅಂತ. ಒಬ್ಬೊಬ್ರಿಗೂ ಒಂದು ಪುಟ ಇಡಿ. ಮೇಲೆ ಹೆಸರು, ವಾರ್ಡು, ಎಷ್ಟನೇ ಸಲ ಗೆದ್ದಿರೋದು. ಅದರ ಕೆಳಗೆ ಅಫಿಡವಿಟ್ ಅಂಶಗಳು, ನಾಮಪತ್ರದ ಜೊತೆ ಕೊಟ್ಟಿರ್ತಾರಲ್ಲ ಅದು, ಅದ್ರಲ್ಲಿ ಆಸ್ತಿ, ಸಾಲ, ಕೇಸುಗಳು, ಓದು ಎಲ್ಲ ಇರುತ್ತೆ. ಒಂದೇ ಅಫಿಡವಿಟ್ ನೋಡಿದ್ರೆ ಏನೂ ಹೊಳೆಯಲ್ಲ, ಎರಡನೇ ಸಲ ನಿಂತಾಗ ಕೊಟ್ಟಿದ್ದನ್ನ ಪಕ್ಕದಲ್ಲಿಟ್ಟು ಓದಿ. ಆಮೇಲೆ ಆ ಏರಿಯಾ ಎಂಎಲ್ಎ ಯಾರು, ಇವ್ರು ಅವರ ಕಡೆಯವರಾ ಅಂತ ಬರೀರಿ, ಯಾಕಂದ್ರೆ ಟಿಕೆಟ್ ಬರೋದು ಬಹುಮಟ್ಟಿಗೆ ಆ ದಾರೀಲೇ. ಕೊನೇಗೆ ಮೇಯರ್ ಆದ್ಮೇಲೆ ಏನಾದ್ರು. ಇಲ್ಲಿ ತುಂಬಾ ಜನ ತಪ್ಪು ತಿಳ್ಕೊಂಡಿದ್ದಾರೆ, ಮೇಯರ್ ಆದ್ರೆ ಎಂಎಲ್ಎ ಆಗೋದು ಸುಲಭ ಅಂತ. 2016ರಲ್ಲಿ ಮೇಯರ್ ಆಗಿದ್ದ ಜಿ. ಪದ್ಮಾವತಿ 2018ರಲ್ಲಿ ರಾಜಾಜಿನಗರದಿಂದ ನಿಂತು ಸೋತ್ರು, ಸಂಪತ್ ರಾಜ್ ಅದೇ ಎಲೆಕ್ಷನ್ನಲ್ಲಿ ಸಿ.ವಿ. ರಾಮನ್ ನಗರದಿಂದ ನಿಂತ್ರು, ಅದೂ ಮೇಯರ್ ಆಗಿರೋವಾಗ್ಲೇ, ಅವ್ರೂ ಸೋತ್ರು. ಹಿಂದೆ ಮೇಯರ್ ಆಗಿದ್ದ ಪಿ.ಆರ್. ರಮೇಶ್ ಮುಂದೆ ಎಂಎಲ್ಸಿ ಆದ್ರು. ಪೇಪರಲ್ಲಿ ದಿನಾ ಫೋಟೋ ಬರೋದೇ ಬೇರೆ, ಒಂದು ಕ್ಷೇತ್ರದಲ್ಲಿ ಬೇರು ಬಿಡೋದೇ ಬೇರೆ.

ಇದಕ್ಕೆ ಕಾರಣ ಏನಂದ್ರೆ ಅವಧಿ. ಆಗ ಮೇಯರ್‌ಗೆ ಸಿಗ್ತಿದ್ದಿದ್ದು ಒಂದೇ ವರ್ಷ. 2015ರಿಂದ 2020ರವರೆಗೆ ಐದು ಜನ ಮೇಯರ್‌ಗಳು, ಕೊನೆಯವರಾದ ಗೌತಮ್ ಕುಮಾರ್‌ಗೆ ಒಂದು ವರ್ಷಾನೂ ಪೂರ್ತಿ ಸಿಗ್ಲಿಲ್ಲ, 2020ರ ಸೆಪ್ಟೆಂಬರ್ 10ಕ್ಕೆ ಕೌನ್ಸಿಲ್ ಅವಧಿನೇ ಮುಗೀತು. ಹೂಗುಚ್ಛ, ಹಾರ, ಅಭಿನಂದನೆ ಅಂತ ಮೊದಲ ತಿಂಗಳು ಹೋಗುತ್ತೆ, ಬಜೆಟ್ ಬರೋ ಹೊತ್ತಿಗೆ ಅರ್ಧ ವರ್ಷ ಕಳೆದಿರುತ್ತೆ. ಇನ್ನೊಂದು, ಫೈಲಿಗೆ ಸಹಿ ಹಾಕೋ ನಿಜವಾದ ಅಧಿಕಾರ ಇರೋದು ಕಮಿಷನರ್ ಹತ್ರ, ಅವರನ್ನ ಕಳಿಸೋದು ರಾಜ್ಯ ಸರ್ಕಾರ. ಹಾಗಾಗಿ ಮೇಯರ್‌ನ ಅಳೆಯುವಾಗ ರಸ್ತೆ ಗುಂಡಿ ಮುಚ್ಚಿದ್ರಾ ಅಂತ ಮಾತ್ರ ಕೇಳಿದ್ರೆ ಅನ್ಯಾಯ ಆಗುತ್ತೆ. ಕೌನ್ಸಿಲ್ ಸಭೆ ಎಷ್ಟು ಸಲ ಕರೆದ್ರು, ಗಲಾಟೆ ಆದ್ರೆ ಮುಂದೂಡಿ ಎದ್ದು ಹೋದ್ರಾ ಅಥವಾ ಚರ್ಚೆ ನಡೆಸಿದ್ರಾ, ವಿರೋಧ ಪಕ್ಷದವರಿಗೆ ಮೈಕ್ ಕೊಟ್ರಾ, ಕಮಿಷನರ್ ಹತ್ರ ಉತ್ತರ ತೆಗೆಸಿದ್ರಾ, ಇದನ್ನ ಬರೀರಿ. ಇದು ಅವರ ಕೈಯಲ್ಲೇ ಇರೋದು.

ಸಾಧ್ಯ ಆದ್ರೆ ಎಲೆಕ್ಷನ್ ದಿನ ಅದು ನಡೆಯೋ ರೀತಿನ ನೋಡಿ, ಟಿವಿಯಲ್ಲಾದ್ರೂ ಸರಿ. ಬಿಬಿಎಂಪಿ ಇದ್ದಾಗ ಪ್ರಾದೇಶಿಕ ಆಯುಕ್ತರು ಕೂತು ನಡೆಸ್ತಿದ್ರು. ಬ್ಯಾಲೆಟ್ ಪೆಟ್ಟಿಗೆ ಇಲ್ಲ, ಮಷೀನ್ ಇಲ್ಲ, ಕೈ ಎತ್ತೋದು ಅಷ್ಟೇ. ಇವರ ಪರವಾಗಿ ಇರೋರು ಕೈ ಎತ್ತಿ ಅಂತಾರೆ, ಸಾಲುಸಾಲಾಗಿ ಕೈ ಮೇಲೆ ಹೋಗುತ್ತೆ, ಅಧಿಕಾರಿಗಳು ಒಬ್ಬೊಬ್ಬರನ್ನೇ ಎಣಿಸ್ಕೊಂಡು ಸಹಿ ಮಾಡಿಸ್ಕೊಳ್ತಾರೆ. ನಾನು ಮೊದಲ ಸಲ ಗಮನವಿಟ್ಟು ನೋಡಿದಾಗ ಒಬ್ಬ ಕಾರ್ಪೊರೇಟರ್ ಕೈ ಅರ್ಧಕ್ಕೆ ಎತ್ತಿ ಪಕ್ಕದವರ ಮುಖ ನೋಡಿ ಆಮೇಲೆ ಪೂರ್ತಿ ಎತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಗುಟ್ಟಿನ ಮತ ಅಲ್ಲ ಇದು, ನಿಮ್ಮ ಕಾರ್ಪೊರೇಟರ್ ಕೈ ಯಾವಾಗ ಎತ್ತಿದ್ರು ಅಂತ ನಿಮಗೆ ಗೊತ್ತಾಗುತ್ತೆ, ನಾಳೆ ಸಿಕ್ಕಾಗ ಕೇಳ್ಬಹುದು.

ಈಗ ಲೆಕ್ಕ ಬದಲಾಗಿದೆ, ಹಳೇ ಪುಟಗಳನ್ನ ಹಾಗೇ ಕಾಪಿ ಮಾಡ್ಬೇಡಿ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್ 2ರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, ಅದರ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆ, ಅಂದ್ರೆ ಐದು ಜನ ಮೇಯರ್‌ಗಳು. ಅವಧಿ ಎರಡೂವರೆ ವರ್ಷ, ಇದು ಒಳ್ಳೇದೇ ಆಯ್ತು, ಒಂದು ವರ್ಷದಲ್ಲಿ ಯಾರಿಗೂ ಕೆಲಸ ಕಲಿಯೋಕೂ ಆಗಲ್ಲ. ಆದ್ರೆ ಪ್ರಾಧಿಕಾರಕ್ಕೆ ಅಧ್ಯಕ್ಷರು ಮುಖ್ಯಮಂತ್ರಿ, ಇದು ನಂಗೆ ಸರಿ ಕಾಣಲ್ಲ, ಊರಿಗೆ ಸಂಬಂಧಪಟ್ಟ ದೊಡ್ಡ ತೀರ್ಮಾನ ಮತ್ತೆ ವಿಧಾನಸೌಧಕ್ಕೇ ಹೋಗುತ್ತೆ. ಹಾಗಾಗಿ ಐದು ಪಾಲಿಕೆಗೂ ಬೇರೆ ಬೇರೆ ಪುಟ ಇಡಿ, ಒಂದೊಂದಕ್ಕೂ ವಾರ್ಡ್ ಎಷ್ಟು, ಯಾರ್ಯಾರಿಗೆ ಓಟಿದೆ, ಮೇಯರ್ ಮೀಸಲಾತಿ ಏನು ಅಂತ ಹೊಸದಾಗಿ ಬರೀರಿ. ಒಂದು ಪಾಲಿಕೇಲಿ ಗೆದ್ದ ಪಕ್ಷ ಇನ್ನೊಂದರಲ್ಲಿ ಸೋಲ್ಬಹುದು, ಇಡೀ ಊರಿಗೆ ಒಂದೇ ಟೋಟಲ್ ಹಾಕೋ ಕಾಲ ಮುಗೀತು.

ಒಂದು ಪುಟ ಮಾತ್ರ ಖಾಲಿ ವರ್ಷಗಳಿಗೆ ಇಡಿ, ದಯವಿಟ್ಟು ಇದನ್ನ ಬಿಡ್ಬೇಡಿ. ಸಂವಿಧಾನದ 243ಯು ವಿಧಿ ಪ್ರಕಾರ ಪಾಲಿಕೆ ಅವಧಿ ಐದು ವರ್ಷ, ಮುಗಿಯೋದರೊಳಗೆ ಎಲೆಕ್ಷನ್ ಆಗಿರ್ಬೇಕು. ನಮ್ಮೂರಲ್ಲಿ 2006ರ ಕೊನೆಯಿಂದ 2010ರ ಏಪ್ರಿಲ್‌ವರೆಗೆ ಮೇಯರ್ ಇಲ್ಲ, 2020ರ ಸೆಪ್ಟೆಂಬರ್ ಆದ್ಮೇಲೆ ಮತ್ತೆ ವರ್ಷಗಟ್ಲೆ ಇಲ್ಲ. ಒಂದ್ಸಲ ವಾರ್ಡ್ 243 ಅಂದ್ರು, ಆಮೇಲೆ 225 ಅಂದ್ರು, ಆಮೇಲೆ ಐದು ಪಾಲಿಕೆ ಸೇರಿ 369 ಅಂದ್ರು, ಪ್ರತಿ ಸಲ ವಾರ್ಡ್ ವಿಂಗಡಣೆ, ಮೀಸಲಾತಿ, ಕೋರ್ಟು. ಆ ವರ್ಷಗಳಲ್ಲಿ ನಮ್ಮ ರಸ್ತೆಯ ಮೋರಿ ಕಟ್ಕೊಂಡಾಗ ಯಾರ ಮನೆ ಬಾಗಿಲು ತಟ್ಟಬೇಕು ಅಂತಾನೇ ಗೊತ್ತಾಗ್ಲಿಲ್ಲ, ಆಫೀಸಿಗೆ ಹೋದ್ರೆ ಇಂಜಿನಿಯರ್ ಸಿಗ್ತಿರ್ಲಿಲ್ಲ, ಎಂಎಲ್ಎ ಆಫೀಸಲ್ಲಿ ಚೀಟಿ ಬರೆದಿಟ್ಟು ಬರ್ತಿದ್ವಿ. ಆ ಚೀಟಿ ಕೊಟ್ಟ ತಾರೀಖುಗಳನ್ನೂ ಅದೇ ಪುಟದಲ್ಲಿ ಬರೆದಿದ್ದೀನಿ.

ಶುರು ಮಾಡೋರಿಗೆ ಮೊದಲ ಪುಟಕ್ಕೆ ಇಷ್ಟು ಸಾಕು: ನಿಮ್ಮ ಹೊಸ ವಾರ್ಡಿನ ಹೆಸರು, ನಂಬರು, ಅದು ಐದರಲ್ಲಿ ಯಾವ ಪಾಲಿಕೆಗೆ ಸೇರುತ್ತೆ, ವಾರ್ಡಿನ ಮೀಸಲಾತಿ ಏನು, ಮತದಾರರ ಪಟ್ಟೀಲಿ ಮನೆಯವರೆಲ್ಲರ ಹೆಸರು ಇದೆಯಾ. ಹಳೇ ವಾರ್ಡ್ ನಂಬರ್ ನಂಬ್ಕೊಂಡು ಕೂತ್ಕೋಬೇಡಿ, ಗಡಿ ಬದಲಾಗಿದೆ, ಎದುರುಮನೆಯವರು ಬೇರೆ ವಾರ್ಡಿಗೆ ಹೋಗಿರ್ಬಹುದು, ಅವ್ರನ್ನೂ ಒಂದ್ಸಲ ಕೇಳಿ ನೋಡಿ.