ದಾಸವಾಳದ ಹಳದಿ ಎಲೆಗೆ ಅನ್ನಭೇದಿ

ಚಿತ್ರದುರ್ಗದಲ್ಲಿ ಕೊಳವೆಬಾವಿ ನೀರನ್ನೇ ನಂಬಿ ಕುಂಡದಲ್ಲಿ ದಾಸವಾಳ ಬೆಳೆಸುವವರು ಇದನ್ನು ನೋಡಿಯೇ ಇರುತ್ತೀರಿ. ನಮ್ಮ ಮಹಡಿಯ ಗಿಡದಲ್ಲೂ ಚಿಗುರೆಲೆಗಳು ಹಳದಿಗಟ್ಟಿದ್ದವು. ನರಗಳು ಮಾತ್ರ ಹಸಿರು ಬಲೆಯಂತೆ ಎದ್ದು ಕಾಣುತ್ತಿದ್ದವು. ಈ ಗುರುತು ಬಹಳ ಮುಖ್ಯ. ಸಾರಜನಕ ಕಡಿಮೆಯಾದರೆ ಮೊದಲು ಹಳದಿಯಾಗುವುದು ಬುಡದ ಹಳೆಯ ಎಲೆ, ಕಬ್ಬಿಣ ಕಡಿಮೆಯಾದರೆ ತುದಿಯ ಎಳೆಯ ಎಲೆ. ಗಡಸು ನೀರು ಹಾಕುತ್ತಾ ಹೋದಂತೆ ಮಣ್ಣು ಕ್ಷಾರವಾಗಿ, ಅದರಲ್ಲಿರುವ ಕಬ್ಬಿಣವೂ ಬೇರಿಗೆ ದಕ್ಕುವುದಿಲ್ಲ. ಇಂಥ ಗಿಡಕ್ಕೆ ಎಷ್ಟು ಸಗಣಿ ಗೊಬ್ಬರ ಸುರಿದರೂ ಹಳದಿ ಬೇಗ ಹೋಗದು.

ಒಂದು ಲೀಟರ್ ಮಳೆನೀರಿಗೆ 1 ಗ್ರಾಂ ಸಿಟ್ರಿಕ್ ಆಮ್ಲ, ಆಮೇಲೆ 5 ಗ್ರಾಂ ಅನ್ನಭೇದಿ, ಅಂದರೆ ಕಬ್ಬಿಣದ ಲವಣವಾದ ಫೆರಸ್ ಸಲ್ಫೇಟ್ ಕರಗಿಸಿದೆ. ಅನ್ನಭೇದಿಯ ಹರಳು ತಿಳಿಹಸಿರಾಗಿರಬೇಕು. ಕಂದು ಬಣ್ಣಕ್ಕೆ ತಿರುಗಿದ್ದನ್ನು ದಯವಿಟ್ಟು ಕೊಳ್ಳಬೇಡಿ, ಅದು ಗಾಳಿಗೆ ಕೆಟ್ಟಿರುತ್ತದೆ. ಬಿಸಿಲು ಇಳಿದ ಮೇಲೆ ಎಲೆಯ ಎರಡೂ ಮಗ್ಗುಲಿಗೆ ಸಿಂಪಡಿಸಿದೆ, ವಾರ ಬಿಟ್ಟು ಮತ್ತೊಮ್ಮೆ. ಕುಂಡದ ಕೆಳಗೆ ಹಳೆಯ ಗೋಣಿಚೀಲ ಹಾಸಿಕೊಳ್ಳಿ, ಸಿಮೆಂಟ್ ನೆಲಕ್ಕೆ ಬಿದ್ದರೆ ತುಕ್ಕಿನ ಕಲೆ ಬಿಡುವುದಿಲ್ಲ.

ತೀರಾ ಬಿಳುಚಿದ್ದ ಎಲೆಗಳು ಉದುರಿದವು. ಹೊಸ ಚಿಗುರು ಕಡುಹಸಿರಾಗಿಯೇ ಬಂತು, ಮೊಗ್ಗೂ ಕಚ್ಚಿದೆ.