ಚಿನ್ನದ ಗೆರೆಯ ಮೇಲೊಂದು ಗಾಜಿನ ಹೊದಿಕೆ
ಬುಲೆಟ್ ಟ್ಯಾಂಕಿನ ಕೈಗೆರೆ ಅಳಿಸದಂತೆ ಕ್ಲಿಯರ್ ಹೊಡೆಯುವುದು ಹೇಗೆ?

ಬುಲೆಟ್ ಟ್ಯಾಂಕಿನ ಕಪ್ಪು ಮೈಮೇಲೆ ಬಾಗಿ ಬಳುಕುವ ಚಿನ್ನದ ಗೆರೆಯನ್ನು ಸ್ಟಿಕ್ಕರ್ ಎಂದುಕೊಂಡವರು ಈಗಲೂ ಸಿಗುತ್ತಾರೆ. ಎನ್‌ಫೀಲ್ಡ್ 1955ರಲ್ಲಿ ಮದ್ರಾಸಿಗೆ ಬಂದು ನೆಲೆಸಿದ ಮೇಲೆ, ಉದ್ದ ಕೂದಲಿನ ಕುಂಚ ಹಿಡಿದು ಒಂದೇ ಉಸಿರಿನಲ್ಲಿ ಗೆರೆ ಎಳೆಯುವ ಕಸುಬು ಅಲ್ಲಿ ಬೇರೂರಿತು. ಹಳೆಯ ಬೈಕನ್ನು ಹೊಸದಾಗಿ ಮಾಡಿಸುವವರು ಇಂದಿಗೂ ಗೆರೆ ಎಳೆಯುವವರನ್ನು ಹುಡುಕಿಕೊಂಡು ಹೋಗುತ್ತಾರೆ. ಅಷ್ಟು ಪಾಡುಪಟ್ಟು ಎಳೆಸಿದ ಗೆರೆ, ಪೆಟ್ರೋಲ್ ಬಂಕಿನಲ್ಲಿ ನಾಲ್ಕು ಹನಿ ಚೆಲ್ಲಿದರೆ ಮೆತ್ತಗಾಗಿ, ಒರೆಸುವ ಬಟ್ಟೆಗೇ ಅಂಟಿಕೊಂಡು ಬರಬಹುದು. ಅದಕ್ಕಾಗಿಯೇ ಮೇಲೆ ಕ್ಲಿಯರ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪ, ಹೊಡೆಯುವುದು. ಆದರೆ ಗೆರೆಯನ್ನು ಕಾಯಬೇಕಾದ ಕ್ಲಿಯರೇ ಗೆರೆಯನ್ನು ತಿನ್ನುವುದೂ ಉಂಟು.

ಹೀಗಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದೂ ನನ್ನದೇ ಟ್ಯಾಂಕಿನ ಮೇಲೆ, ನನ್ನದೇ ಕೈಯಿಂದ. ಗೆರೆ ಎಳೆದು ಎರಡೇ ದಿನವಾಗಿತ್ತು. ಮುಟ್ಟಿದರೆ ಕೈಗೆ ಅಂಟುತ್ತಿರಲಿಲ್ಲ, ಒಣಗಿದೆ ಎಂದುಕೊಂಡೆ. ಕ್ಲಿಯರ್ ಬಿದ್ದು ಐದು ನಿಮಿಷವೂ ಆಗಿರಲಿಲ್ಲ, ಕಾಯಿಸಿದ ಹಾಲಿನ ಕೆನೆ ಮುದುಡುವಂತೆ ಇಡೀ ಗೆರೆ ಸುಕ್ಕುಗಟ್ಟಿತು.

ಕಾರಣ ಸರಳ. ಗೆರೆಗೆ ಬಳಸುವ ಎನಾಮಲ್ ಎಣ್ಣೆಯ ಬಣ್ಣ. ಅದು ಗಾಳಿಯ ಆಮ್ಲಜನಕ ಹೀರಿಕೊಂಡು ಮೇಲಿನಿಂದ ಕೆಳಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಮೇಲೆ ಪೊರೆ ಕಟ್ಟಿದರೂ ಒಳಗೆ ಇನ್ನೂ ಹಸಿ. ಕ್ಲಿಯರ್‌ನಲ್ಲಿರುವ ಖಾರವಾದ ಥಿನ್ನರ್ ಆ ಪೊರೆಯನ್ನು ದಾಟಿ ಒಳಗಿಳಿಯುತ್ತದೆ. ಆಗ ಪೊರೆ ಉಬ್ಬುತ್ತದೆ, ಕೆಳಗೆ ಹಿಡಿತವಿಲ್ಲದೆ ಮಡಚಿಕೊಳ್ಳುತ್ತದೆ. ಆದ್ದರಿಂದ ಕ್ಲಿಯರ್‌ನ ಕೆಲಸ ಶುರುವಾಗುವುದು ಗೆರೆ ಎಳೆಯುವ ದಿನವೇ. ಎಳೆಯುವವರ ಬಳಿ ಎರಡು ಮಾತು ಕೇಳಿ: ಯಾವ ಬಣ್ಣ, ಅದಕ್ಕೆ ಹಾರ್ಡ್‌ನರ್ ಹಾಕುತ್ತೀರಾ? ಹಾರ್ಡ್‌ನರ್ ಎಂದರೆ ಬಣ್ಣವನ್ನು ಗಟ್ಟಿಯಾಗಿಸಲು ಬೆರೆಸುವ ದ್ರವ. ಎನಾಮಲ್‌ಗೆ ಹೊಂದುವ ಹಾರ್ಡ್‌ನರ್ ಬೆರೆಸಿದ್ದರೆ ಗೆರೆ ಒಳಗಿನಿಂದಲೂ ಬಲಿಯುತ್ತದೆ. ಎಷ್ಟು ಹೊತ್ತು ಬಿಟ್ಟು ಕ್ಲಿಯರ್ ಹೊಡೆಯಬಹುದೆಂಬುದನ್ನು ಆ ಡಬ್ಬದ ಮೇಲೆಯೇ ಬರೆದಿರುತ್ತಾರೆ. ಹಾರ್ಡ್‌ನರ್ ಇಲ್ಲದ ಬರಿಯ ಎನಾಮಲ್ ಆದರೆ ದಿನಗಳ ಲೆಕ್ಕ ಬಿಡಿ, ವಾರಗಳ ಲೆಕ್ಕ ಹಾಕಿ. ಟ್ಯಾಂಕಿಗೆ ಮೂಗು ತಾಗಿಸಿದಾಗ ಬಣ್ಣದ ವಾಸನೆ ಬರಬಾರದು, ಮೂಲೆಯ ಗೆರೆಗೆ ಉಗುರು ಒತ್ತಿದರೆ ಗುರುತು ಉಳಿಯಬಾರದು.

ಅಷ್ಟಾದರೂ ನೇರವಾಗಿ ಟ್ಯಾಂಕಿಗೆ ಕೈ ಹಚ್ಚಬೇಡಿ. ಗುಜರಿ ಅಂಗಡಿಯಿಂದ ಹಳೆಯ ಮಡ್‌ಗಾರ್ಡ್ ಒಂದನ್ನು ತನ್ನಿ. ಟ್ಯಾಂಕಿಗೆ ಗೆರೆ ಎಳೆಸುವ ದಿನವೇ, ಅದೇ ಬಣ್ಣದಲ್ಲಿ, ಅದರ ಮೇಲೂ ಒಂದೆರಡು ಗೆರೆ ಎಳೆಸಿಡಿ. ಕ್ಲಿಯರ್ ಮೊದಲು ಬೀಳಬೇಕಾದದ್ದು ಅದರ ಮೇಲೆ. ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ಪಾಲಿಸುವುದಿದ್ದರೆ ಇದನ್ನೇ ಪಾಲಿಸಿ.

ಇನ್ನು ಯಾವ ಕ್ಲಿಯರ್? ಅಂಗಡಿಯಲ್ಲಿ ಸಿಗುವ ಅಗ್ಗದ ಸ್ಪ್ರೇ ಡಬ್ಬದ ಸಾದಾ ಲ್ಯಾಕರ್ ನೋಡಲು ಹೊಳೆಯುತ್ತದೆ, ಪೆಟ್ರೋಲ್ ಬಿದ್ದರೆ ಮಾತ್ರ ಕರಗುತ್ತದೆ. ಟ್ಯಾಂಕಿಗೆ ಹಾರ್ಡ್‌ನರ್ ಬೆರೆಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಕ್ಲಿಯರ್ ಬೇಕು, ಎರಡು ದ್ರವ ಬೆರೆಸುವುದರಿಂದ ಗ್ಯಾರೇಜಿನವರು ಟೂಕೆ (2K) ಎನ್ನುವುದೂ ಇದನ್ನೇ. ಕ್ಲಿಯರ್ ಎರಡು ಪಾಲಿಗೆ ಹಾರ್ಡ್‌ನರ್ ಒಂದು ಪಾಲು, ಇಲ್ಲವೇ ನಾಲ್ಕಕ್ಕೆ ಒಂದು, ಹೀಗೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಕಣ್ಣಳತೆ ಬೇಡ, ಗೀಟು ಹಾಕಿದ ಕಪ್ಪಿನಲ್ಲಿ ಅಳೆಯಿರಿ. ಒಮ್ಮೆ ಬೆರೆಸಿದ್ದನ್ನು ನಾಳೆಗೆ ಎತ್ತಿಡಲಾಗದು, ಡಬ್ಬದಲ್ಲೇ ಕಲ್ಲಾಗುತ್ತದೆ.

ಈ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದೆ. ಅದರ ಮಂಜು ಶ್ವಾಸಕೋಶಕ್ಕೆ ಹೋದರೆ ಬಿಡದ ಆಸ್ತಮಾ ಹತ್ತಬಹುದು. ಮುಖಕ್ಕೆ ಕಟ್ಟಿದ ಕರವಸ್ತ್ರವಾಗಲಿ, ಧೂಳಿನ ಮಾಸ್ಕ್ ಆಗಲಿ ಇದನ್ನು ತಡೆಯುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖವಾಡವೇ ಬೇಕು. ಅದು ಮನೆಯಲ್ಲಿ ಎಲ್ಲಿರುತ್ತದೆ? ಹಾಗಾಗಿ ಸ್ಪ್ರೇ ಗನ್ ಹಿಡಿಯುವ ಕೆಲಸವನ್ನು ಬಣ್ಣ ಹೊಡೆಯಲೆಂದೇ ಮಾಡಿದ ಕೋಣೆ, ಅಂದರೆ ಬೂತ್ ಇರುವ ಪೇಂಟರ್‌ಗೆ ಕೊಡುವುದೇ ಜಾಣತನ ಎನ್ನುವುದು ನನ್ನ ಅಭಿಪ್ರಾಯ. ಆದರೆ ಕೊಟ್ಟು ಮನೆಗೆ ಹೋಗಬೇಡಿ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಟ್ಯಾಂಕನ್ನು ಬೈಕಿನಿಂದ ಬಿಚ್ಚಿ, ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಆವಿ ಹೋಗುವಷ್ಟು ಹೊತ್ತು ಗಾಳಿಗಿಟ್ಟು, ಬಾಯಿಗೆ ಟೇಪು ಹಾಕಿ. ನುಣುಪಾದ ಮೈಗೆ ಕ್ಲಿಯರ್ ಕಚ್ಚಿಕೊಳ್ಳುವುದಿಲ್ಲ, ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಉಜ್ಜಿ ಹೊಳಪು ತೆಗೆಯಬೇಕು. ಇದನ್ನು ಗೆರೆ ಎಳೆಯುವ ಮುನ್ನವೇ ಮುಗಿಸಿಕೊಂಡಿದ್ದರೆ ಒಳ್ಳೆಯದು. ಗೆರೆ ಆಗಲೇ ಇದ್ದರೆ 1000 ನಂಬರಿನ ಪೇಪರನ್ನು ನೀರಿನಲ್ಲಿ ನೆನೆಸಿ, ಗೆರೆಗಳ ನಡುವಿನ ಜಾಗದಲ್ಲಷ್ಟೇ ಹಗುರವಾಗಿ ಆಡಿಸಿ. ಗೆರೆಯ ಮೇಲೆ ಎರಡು ಸಲ ಜೋರಾಗಿ ಉಜ್ಜಿದರೆ ಚಿನ್ನ ಹೋಗಿ ಕಪ್ಪು ಕಾಣುತ್ತದೆ. ಆಮೇಲೆ ಸೋಪಿನ ನೀರಿನಿಂದ ತೊಳೆದು ಒಣಗಿಸಿ. ಥಿನ್ನರ್ ಬಟ್ಟೆಯಲ್ಲಿ ಒರೆಸುವ ಅಭ್ಯಾಸ ಇಲ್ಲಿ ಬೇಡ. ಹಳೆಯ ಪಾಲಿಶಿನ ಸಿಲಿಕೋನ್ ಉಳಿದಿದ್ದರೆ ಕ್ಲಿಯರ್ ಅಲ್ಲಲ್ಲಿ ದೂರ ಸರಿದು ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ಆದ್ದರಿಂದ ಮೇಣ ತೆಗೆಯುವ ದ್ರಾವಣವನ್ನು ಮೊದಲು ಆ ಮಡ್‌ಗಾರ್ಡಿನ ಮೇಲೆ ಪರೀಕ್ಷಿಸಿ, ಬಳಿಕ ಟ್ಯಾಂಕಿಗೆ ಬಳಸಿ. ಕೊನೆಗೆ ಧೂಳನ್ನು ಅಂಟಿಸಿಕೊಳ್ಳುವ ಅಂಟುಬಟ್ಟೆಯಿಂದ (ಟ್ಯಾಕ್ ಕ್ಲಾತ್) ಧೂಳು ತೆಗೆಯಿರಿ.

ಈಗ ನೀವು ಪಕ್ಕದಲ್ಲಿ ನಿಲ್ಲಬೇಕಾದ ಗಳಿಗೆ. ಅನುಭವಿ ಪೇಂಟರ್‌ಗಳಿಗೆ ಮೊದಲ ಕೋಟನ್ನೇ ದಪ್ಪಗೆ, ಹಸಿಯಾಗಿ ಹೊಡೆಯುವುದು ರೂಢಿ. ‘ಎರಡೇ ಕೋಟಿನಲ್ಲಿ ಮುಗಿಸಿಬಿಡುತ್ತೇನೆ ಸಾರ್’ ಎನ್ನುತ್ತಾರೆ. ಬರಿಯ ಬಣ್ಣದ ಮೇಲೆ ಅದು ನಡೆಯುತ್ತದೆ, ಗೆರೆಯ ಮೇಲೆ ನಡೆಯದು. ಮೊದಲನೆಯದು ಮಂಜು ಬಿದ್ದಷ್ಟೇ ಇರಲಿ. ಮೇಲ್ಮೈ ಒದ್ದೆಯಾಗಬಾರದು, ಮಾಗಿಯ ಬೆಳಗಿನ ಗಾಜಿನಂತೆ ಮಬ್ಬಾದರೆ ಸಾಕು. 15 ನಿಮಿಷ ಬಿಟ್ಟು ಅಂಥದ್ದೇ ಇನ್ನೊಂದು. ಹೀಗೆ ಹೊಡೆದರೆ ಥಿನ್ನರ್ ಗೆರೆಯೊಳಗೆ ಇಳಿಯುವ ಮೊದಲೇ ಹಾರಿಹೋಗುತ್ತದೆ, ಗೆರೆಗೊಂದು ತೆಳುವಾದ ಕವಚ ಸಿಗುತ್ತದೆ. ಟಾರ್ಚ್ ಹಿಡಿದು ಗೆರೆಯ ಅಂಚನ್ನು ಓರೆಯಾಗಿ ನೋಡಿ. ಅಂಚು ಚೂಪಾಗಿಯೇ ಇದ್ದರೆ ಮುಂದುವರಿಯಬಹುದು. ಕೂದಲೆಳೆಯಷ್ಟು ಸುಕ್ಕು ಕಂಡರೂ ಅಲ್ಲಿಗೇ ನಿಲ್ಲಿಸಿ. ಬಳಿಕ ಎರಡು ತುಂಬು ಕೋಟು, ನಡುವೆ ಮತ್ತೆ ಅಷ್ಟೇ ಬಿಡುವು. ಗೆರೆಯ ಉಬ್ಬು ಬೆರಳಿಗೆ ಪೂರ್ತಿ ತಿಳಿಯದಂತೆ ಹೂತುಹೋಗಬೇಕೆಂದು ಕೆಲವರು ಇನ್ನೂ ಎರಡು ಕೋಟು ಹೊಡೆಸುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಬೆರಳಿಗೆ ಒಂದಿಷ್ಟೂ ತಗಲದ ಗೆರೆಗೂ ಸ್ಟಿಕ್ಕರ್‌ಗೂ ಏನು ವ್ಯತ್ಯಾಸ?

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನ ಆಷಾಢದಲ್ಲಿ, ಈ ಕೆಲಸಕ್ಕೆ ಹೋಗಬೇಡಿ. ಗಾಳಿಯ ತೇವಕ್ಕೆ ಕ್ಲಿಯರ್ ಹಾಲಿನಂತೆ ಬೆಳ್ಳಗಾಗುತ್ತದೆ. ಒಣಹವೆಯ ದಿನ ಹತ್ತು ಗಂಟೆಯ ಮೇಲೆ ಹಿಡಿದರೆ ಸರಿ.

ಧೂಳು ಕೂತಿದ್ದರೆ ಒಂದೆರಡು ದಿನ ಬಿಟ್ಟು 2000 ನಂಬರಿನ ಪೇಪರಿನಲ್ಲಿ ನೀರು ಹಾಕಿ ತೀಡಿ, ರಬ್ಬಿಂಗ್ ಕಾಂಪೌಂಡ್ ಎಂಬ ಉಜ್ಜುವ ಪೇಸ್ಟಿನಿಂದ ಹೊಳಪು ತರಿಸಿ. ಟ್ಯಾಂಕಿನ ಏಣುಗಳಲ್ಲಿ ಕ್ಲಿಯರ್ ತೆಳುವಾಗಿರುತ್ತದೆ, ಅಲ್ಲಿ ಬಫಿಂಗ್ ಯಂತ್ರ ತಾಗಿಸದೆ ಕೈಯಲ್ಲೇ ಮಾಡಿಸಿ. ಒಂದು ತಿಂಗಳು ಮೇಣದ ಪಾಲಿಶ್ ಹಚ್ಚಬೇಡಿ, ಬಿಗಿಯಾದ ಕವರ್ ಹೊದಿಸಬೇಡಿ. ಅಲ್ಲಿಯವರೆಗೆ ಬಂಕಿಗೆ ಹೋದಾಗ ಬೈಕಿನಿಂದ ಇಳಿದು, ಟ್ಯಾಂಕಿನ ಬಾಯಿಯ ಸುತ್ತ ಹತ್ತಿಯ ಬಟ್ಟೆ ಹಿಡಿದುಕೊಂಡು ನಿಂತಿರಿ. ಬಂಕಿನ ಹುಡುಗ ನಕ್ಕರೆ ನಗಲಿ.