ಕೋಟೆಯೊಳಗೆ ನಿಂತು ಕೋಟೆಯ ದಾರಿ ಕೇಳಿದೆ

ಬ್ಯಾಂಕ್ ಶಾಖೆಗಳ ಲೆಕ್ಕ ತಪಾಸಣೆ ನನ್ನ ಕೆಲಸ. ವರ್ಷಕ್ಕೆ ನಾಲ್ಕೈದು ಊರು, ಒಂದೊಂದರಲ್ಲಿ ಎರಡು ಮೂರು ವಾರ ಲಾಡ್ಜಿನ ವಾಸ. ಮೈಸೂರಿನವನಾದ ನಾನು ರಾಯಚೂರಿಗೆ ಮೊದಲ ಸಲ ಹೋದದ್ದು ಏಪ್ರಿಲ್ ತಿಂಗಳಿನಲ್ಲಿ. ಆ ಊರಿಗೆ ಏಪ್ರಿಲ್‌ನಲ್ಲಿ ಯಾರೂ ತಾವಾಗಿ ಹೋಗುವುದಿಲ್ಲ, ಕಳುಹಿಸಿದರೆ ಹೋಗುತ್ತಾರೆ.

ಮೊದಲ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಮೊಬೈಲಿನ ನಕ್ಷೆ ಹಿಡಿದು ಕೋಟೆ ನೋಡಲು ಹೊರಟೆ. ಅಂಗಡಿ, ಮನೆ, ಮತ್ತೆ ಅಂಗಡಿ. ತಲೆ ಸುಡುತ್ತಿತ್ತು. ಒಂದು ಚಹಾದ ಅಂಗಡಿಯ ನೆರಳಿಗೆ ಹೋಗಿ, ಅಲ್ಲಿ ಕುಳಿತಿದ್ದ ಹಿರಿಯರನ್ನು ಕೇಳಿದೆ: "ಯಜಮಾನರೇ, ಕೋಟೆಗೆ ಹೇಗೆ ಹೋಗಬೇಕು?"

ಅವರು ಬಸಿಯಲ್ಲಿದ್ದ ಚಹಾ ಮುಗಿಸಿಯೇ ಉತ್ತರಿಸಿದರು. "ಇನ್ನೆಲ್ಲಿಗೆ ಹೋಗುತ್ತೀರಿ ಸರ್? ಕೋಟೆಯೊಳಗೇ ನಿಂತಿದ್ದೀರಲ್ಲ. ಇದು ಅಂದ್ರೂನ್ ಕಿಲ್ಲಾ."

ನನ್ನ ಬೆನ್ನ ಹಿಂದಿನ ಅಂಗಡಿಯ ಫಲಕದ ಕೊನೆಯ ಸಾಲಿನಲ್ಲಿ ಅದೇ ಹೆಸರಿತ್ತು. ಓದಿದ್ದೆ, ಯಾರದೋ ಹೆಸರಿರಬೇಕೆಂದು ಬಿಟ್ಟಿದ್ದೆ. ಅಂದ್ರೂನ್ ಎಂದರೆ ಒಳಗೆ, ಬೇರೂನ್ ಎಂದರೆ ಹೊರಗೆ. ಪಾರಸಿಯಿಂದ ಉರ್ದುವಿಗೆ ಬಂದ ಮಾತುಗಳು. ಅಂದ್ರೂನ್ ಕಿಲ್ಲಾ, ಬೇರೂನ್ ಕಿಲ್ಲಾ ಎರಡೂ ಇಂದಿಗೂ ಜನ ಬದುಕುತ್ತಿರುವ ಬಡಾವಣೆಗಳು. ಟಿಕೆಟ್ ಕೊಟ್ಟು ಒಳಹೋಗುವ ಕೋಟೆಯನ್ನು ಹುಡುಕುತ್ತಿದ್ದವನಿಗೆ, ಬಟ್ಟೆ ಒಣಹಾಕಿದ ಕೋಟೆ ಕಾಣದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಸೋಮವಾರ ಸಾಲದ ಖಾತೆಗಳನ್ನು ತಿರುವುತ್ತಿದ್ದಾಗ ನನ್ನ ಕಣ್ಣು ಮೊತ್ತ ಬಿಟ್ಟು ವಿಳಾಸದ ಮೇಲೆ ನಿಲ್ಲತೊಡಗಿತು. ಬಡಾವಣೆಗಳ ಹೆಸರನ್ನಷ್ಟೇ ಒಂದು ರದ್ದಿ ಕಾಗದದ ಹಿಂದೆ ಬರೆದುಕೊಂಡೆ. ನಾಯಕರ ಹೆಸರಿನ ನಗರ, ಕಾಲೊನಿಗಳನ್ನು ಹೊಡೆದುಹಾಕಿದೆ; ಅವು ಎಲ್ಲ ಊರಲ್ಲೂ ಇರುತ್ತವೆ. ತೀನ್ ಕಂದೀಲ್, ಮಂಗಳವಾರಪೇಟೆ, ಬೆಸ್ತವಾರಪೇಟೆ, ಮಡ್ಡಿಪೇಟೆ, ಗಾಜಗಾರಪೇಟೆ, ರಾಜೇಂದ್ರ ಗಂಜ್ ಉಳಿದವು. ಮರುದಿನದಿಂದ ಬೆಳಿಗ್ಗೆ ಆರಕ್ಕೆ ಹೊರಟು, ದಿನಕ್ಕೆ ಒಂದೇ ಹೆಸರು, ಎಂಟರೊಳಗೆ ವಾಪಸ್. ನಕ್ಷೆ ಜೇಬಿನಲ್ಲೇ ಇರುತ್ತಿತ್ತು. ದಾರಿ ಕೇಳಿದರೆ ದಾರಿಯ ಜೊತೆ ಇನ್ನೊಂದಿಷ್ಟು ಸಿಗುತ್ತದೆ, ಚಹಾದ ಅಂಗಡಿಯಲ್ಲಿ ಸಿಕ್ಕಿದ ಹಾಗೆ.

ತೀನ್ ಕಂದೀಲ್ ಎಂದರೆ ಮೂರು ಲಾಂದ್ರ. ಈಗ ಅದು ಆಟೋಗಳು ಒಂದರ ಮೂಗಿಗೆ ಒಂದು ತಾಗಿಸಿಕೊಂಡು ನಿಲ್ಲುವ ವೃತ್ತ. ಬೆಳಿಗ್ಗೆ ಆರೂವರೆಗೆ ಮಾತ್ರ ಅಲ್ಲಿ ನಿಂತು ಸುತ್ತ ನೋಡಬಹುದು. ಹಳೆಯ ಪೇಟೆಯಲ್ಲಿ ಏಕಮಿನಾರ್ ಮಸೀದಿ ಇದೆ. ಬಹಮನಿ ಸುಲ್ತಾನರ ಕೊನೆಗಾಲದಲ್ಲಿ, 1513ರ ಸುಮಾರಿಗೆ ಕಟ್ಟಿದ್ದು. ಮಸೀದಿಗೆ ಒಂದೇ ಮಿನಾರ್, ಅದೂ ಮೇಲೆ ಹೋದಂತೆ ಸಣ್ಣದಾಗುತ್ತ, ನಡುನಡುವೆ ಕಿಟಕಿ ತೆರೆದುಕೊಂಡು ನಿಂತಿದೆ.

ನನ್ನನ್ನು ನಿಜವಾಗಿ ಕಟ್ಟಿಹಾಕಿದ್ದು ಒಳಕೋಟೆಯ ಪಶ್ಚಿಮದ ಗೋಡೆ. ಶಾಖೆಯ ಜವಾನರು, ಇನ್ನೆರಡು ವರ್ಷಕ್ಕೆ ನಿವೃತ್ತರಾಗುವವರು, "ಅಲ್ಲಿ ಉದ್ದ ಕಲ್ಲಿದೆ, ಅಕ್ಷರ ನೋಡಿ ಬಂದುಬಿಡಬೇಡಿ, ಚಿತ್ರವನ್ನೂ ನೋಡಿ" ಎಂದಿದ್ದರು. ಹೋಗಿ ನೋಡಿದರೆ, ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಚಪ್ಪಡಿ! 1294ರ ಶಾಸನ. ಕಾಕತೀಯರ ಅಧಿಕಾರಿ ಗೋರೆ ಗಂಗಯ್ಯ ರೆಡ್ಡಿಯ ಕಾಲದಲ್ಲಿ ವಿಠ್ಠಲನಾಥನು ಈ ಕೋಟೆಯನ್ನು ಕಟ್ಟಿಸಿದನೆಂದು ಅದು ಹೇಳುತ್ತದೆ. ಅಕ್ಷರ ನನಗೆ ಓದಲು ಬರಲಿಲ್ಲ. ಚಿತ್ರಕ್ಕಾಗಿ ಗೋಡೆಗೆ ಮುಖ ತಾಗಿಸುವಷ್ಟು ಹತ್ತಿರ ಹೋಗಬೇಕಾಯಿತು. ಉಳಿಯಿಂದ ತೆಳ್ಳಗೆ ಗೀರಿದ ಗೆರೆಗಳು: ಗಾಲಿಗಳ ಮೇಲೆ ಉದ್ದನೆಯ ಕಲ್ಲು, ಮುಂದೆ ಕೋಣಗಳ ಸಾಲು, ಗಾಲಿಗೆ ಸನ್ನೆಕೋಲು ಕೊಟ್ಟು ಒತ್ತುತ್ತಿರುವ ಆಳುಗಳು. ಈ ಚಪ್ಪಡಿಯನ್ನೇ ಹೇಗೆ ತಂದೆವು ಎಂದು ತಂದವರು ಬರೆದಿಟ್ಟ ಲೆಕ್ಕ. ವೋಚರ್ ಇಲ್ಲದ ಖರ್ಚನ್ನು ನಾನು ಒಪ್ಪುವವನಲ್ಲ. ಇಲ್ಲಿ ಏಳುನೂರು ವರ್ಷದ ಹಿಂದಿನ ವೋಚರ್ ಕಲ್ಲಿನಲ್ಲೇ ಇತ್ತು. ಅಂದು ಎಂಟೂವರೆಯಾದರೂ ಅಲ್ಲಿಂದ ಕದಲಲಿಲ್ಲ. ಕಚೇರಿಗೆ ತಡವಾಗಿ ಹೋದದ್ದು ಆ ಮೂರು ವಾರದಲ್ಲಿ ಅದೊಂದೇ ದಿನ.

ಚಿತ್ರದ ವಿಷಯ ಹೇಳಿದಾಗ ಜವಾನರು ನಕ್ಕರು. "ಕಾರಹುಣ್ಣಿಮೆಗೆ ಬನ್ನಿ ಸರ್, ಗಂಜ್‌ನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವ ಪಂದ್ಯ ಇರುತ್ತದೆ." ಆ ಹಬ್ಬಕ್ಕೆ ನಾನು ಇನ್ನೂ ಹೋಗಿಲ್ಲ. ಗಂಜ್ ಎಂದರೆ ಇಲ್ಲಿನವರಿಗೆ ಕೃಷಿ ಮಾರುಕಟ್ಟೆಯ ಪ್ರಾಂಗಣ. ನಾನು ಹೋದಾಗ ಭತ್ತದ ಚೀಲಗಳು, ಹಮಾಲರು, ದೂಳು. ತೂಕದ ಕಡೆಗೆ ಕಣ್ಣು ಹೋಗಿ, ಇದು ನನ್ನ ಕೆಲಸವಲ್ಲ ಎಂದು ನನಗೆ ನಾನೇ ಹೇಳಿಕೊಂಡು ಹೊರಬಂದೆ.

ಸ್ಟೇಷನ್ ರಸ್ತೆ ಬೇಗ ಮುಗಿಯಿತು. ಮುಂಬೈ ಕಡೆಯಿಂದ ಬಂದ ಹಳಿ ಮದ್ರಾಸಿನ ಹಳಿಯನ್ನು 1871ರಲ್ಲಿ ಕೂಡಿದ್ದು ಇದೇ ರಾಯಚೂರಿನಲ್ಲಿ ಎಂಬುದು ತಿಳಿದಿದ್ದರೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬಹುದು. ಮಾವಿನಕೆರೆಯ ದಂಡೆಯಲ್ಲಿ ನನಗೊಂದು ಅನುಮಾನ ಹುಟ್ಟಿತು. ಉರ್ದುವಿನಲ್ಲಿ ಅದು ಆಮ್ ತಲಾಬ್. ಆಮ್ ಎಂದರೆ ಮಾವೂ ಹೌದು, ಸಾರ್ವಜನಿಕ ಎಂದೂ ಹೌದು. ಅದೇ ಊರಲ್ಲಿ ಖಾಸ್ ಬಾವಿಯೂ ಇದೆ; ಖಾಸ್ ಎಂದರೆ ಖಾಸಗಿ. ಜನರ ಕೆರೆಯನ್ನು ಕನ್ನಡದ ಬಾಯಿ ಮಾವಿನ ಕೆರೆ ಮಾಡಿತೇ? ಕೇಳಿದ ಇಬ್ಬರಲ್ಲಿ ಒಬ್ಬರು ಹೌದೆಂದರು, ಇನ್ನೊಬ್ಬರು ಮಾವಿನ ತೋಪೇ ಇತ್ತೆಂದು ಆಣೆ ಇಟ್ಟರು. ಇದನ್ನು ಆಕ್ಷೇಪಣೆಯ ಪಟ್ಟಿಯಲ್ಲಿ ಹಾಗೆಯೇ ಬಿಟ್ಟಿದ್ದೇನೆ.

ಬೆಳಗಿನ ಸುತ್ತಾಟದ ಕೊನೆಗೆ ಯಾವುದಾದರೂ ಬಂಡಿಯ ಮುಂದೆ ನಿಂತು ಮಂಡಾಳು ಒಗ್ಗರಣೆ ತಿನ್ನುತ್ತಿದ್ದೆ, ಜೊತೆಗೆ ಬಿಸಿ ಮಿರ್ಚಿ. ನಮ್ಮ ಕಡೆಯ ಕಡಲೆಪುರಿಯನ್ನು ಇಲ್ಲಿ ನೆನೆಸಿ, ಹಿಂಡಿ, ಒಗ್ಗರಣೆ ಕೊಡುತ್ತಾರೆ. ಬೆಳಿಗ್ಗೆಯೇ ಮಿರ್ಚಿ ತಿನ್ನುವ ಊರೆಂದು ಮೊದಲ ದಿನ ಹುಬ್ಬೇರಿಸಿದ್ದೆ. ನಾಲ್ಕನೆಯ ದಿನ ಎರಡು ಕೇಳಿದೆ.

ಬೆಸ್ತವಾರಪೇಟೆಯನ್ನು ಬೇಕೆಂದೇ ಕೊನೆಯ ಗುರುವಾರಕ್ಕೆ ಉಳಿಸಿಕೊಂಡಿದ್ದೆ. ಹೆಸರಿನಲ್ಲಿ ವಾರವಿದೆ ಎಂದ ಮೇಲೆ ಸಂತೆ ಇರಲೇಬೇಕೆಂಬ ಲೆಕ್ಕ. ಸಂತೆ ಕಾಣಲಿಲ್ಲ. ಮೂಲೆಯಲ್ಲಿ ಒಬ್ಬ ತಾಯಿ ಗೋಣಿಚೀಲ ಹಾಸಿ ಸೊಪ್ಪು ಮಾರುತ್ತಿದ್ದರು.

"ಅಮ್ಮಾ, ಇಲ್ಲಿ ಬೇಸ್ತವಾರ ಸಂತೆ ಕೂಡುವುದಿಲ್ಲವೇ?"

"ನಾನಂತೂ ದಿನಾ ಕೂಡುತ್ತೇನೆ. ನಿನಗೆ ಏನು ಬೇಕಪ್ಪಾ?"

ಲಾಡ್ಜಿನಲ್ಲಿ ಒಲೆ ಇಲ್ಲದಿದ್ದರೂ ಎರಡು ಕಟ್ಟು ಪುಂಡಿಪಲ್ಯ ಕೊಂಡೆ. ಜವಾನರು ಮಾರನೆಯ ದಿನ ಜೋಳದ ರೊಟ್ಟಿಯ ಜೊತೆ ಅದನ್ನೇ ಡಬ್ಬಿಗೆ ಹಾಕಿಸಿಕೊಂಡು ಬಂದರು.